ಪಾರ್ಕ್ ಉಳಿಸಬೇಕಾ? ಮೊದಲು ಕಾಗದ, ಆಮೇಲೆ ಕೂಗು

ನಮ್ಮ ಬಡಾವಣೆಯ ಮೈದಾನದ ಮೂಲೆಯಲ್ಲಿ ಒಂದು ದಿನ ಬೆಳಿಗ್ಗೆ ಎರಡು ಲೋಡ್ ಎಂ ಸ್ಯಾಂಡ್ ಬಿದ್ದಿತ್ತು. ಯಾರೋ ಮನೆ ಕಟ್ಟಿಸುತ್ತಿರಬೇಕು, ಹತ್ತು ದಿನ ಇದ್ದು ಹೋಗುತ್ತದೆ ಅಂದುಕೊಂಡೆವು. ವಾರ ಕಳೆದ ಮೇಲೆ ಜಲ್ಲಿ ಬಂತು. ಆಮೇಲೆ ನಾಲ್ಕು ಕಲ್ಲುಕಂಬ. ಕಂಬಕ್ಕೆ ತಂತಿ ಸುತ್ತಿದ ದಿನ ಹದಿನೈದು ಜನ ಸೇರಿ ಕೂಗಾಡಿದೆವು, ವಾಟ್ಸಾಪ್ ಗುಂಪು ಮಾಡಿದೆವು, ಪೇಪರಿನವರಿಗೆ ಫೋನ್ ಹಾಕಿದೆವು, ಕೊನೆಗೆ ಕಚೇರಿಗೆ ದಂಡು ಕಟ್ಟಿಕೊಂಡು ಹೋದೆವು. ಸಾಹೇಬರು ಸಮಾಧಾನವಾಗಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಮೈದಾನ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?"

ಏನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳು ಇಲ್ಲೇ ಕ್ರಿಕೆಟ್ ಆಡ್ತಿದ್ದಾರೆ ಸರ್ ಅಂದೆವು. ಅವರು ತಲೆಯಾಡಿಸಿ ಟೀ ತರಿಸಿದರು.

ಆ ಟೀ ಕುಡಿದು ಬಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾರ್ಕ್, ಆಟದ ಮೈದಾನ, ಕೆರೆ ಏರಿ, ಊರಾಚೆಯ ಗುಂಡುತೋಪು, ಯಾವುದೇ ಆಗಲಿ, ನಾಲ್ಕು ಜನ ಓಡಾಡಿ, ಆಡಿ, ಕೂತು ಬರುವ ಸರ್ಕಾರಿ ಜಾಗ ಆಗಿದ್ದರೆ ದಾರಿ ಹೆಚ್ಚುಕಮ್ಮಿ ಒಂದೇ. ನಾನು ವಕೀಲನಲ್ಲ. ಕಚೇರಿ ಮೆಟ್ಟಿಲು ಹತ್ತಿಳಿದು ಮಂಡಿನೋವು ತಂದುಕೊಂಡವನು, ಅಷ್ಟೇ.

ಜಾಗದ ಜಾತಕ ತೆಗೆಸಿ

ಖಾಲಿ ಇರುವುದೆಲ್ಲ ಪಾರ್ಕ್ ಅಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಿ. ನೀವು ಮೂವತ್ತು ವರ್ಷ ವಾಕಿಂಗ್ ಮಾಡಿದ ಜಾಗ ಯಾರದ್ದೋ ಸ್ವಂತ ಸೈಟ್ ಆಗಿರಬಹುದು. ಗೋಮಾಳ ಆಗಿರಬಹುದು, ಕೆರೆಯಂಗಳ ಆಗಿರಬಹುದು. ಸಿಎ ಸೈಟ್ ಆಗಿದ್ದರೂ ಆಗಿರಬಹುದು, ಇದರಲ್ಲೇ ಜನ ಜಾಸ್ತಿ ಏಮಾರುವುದು. ಸಿಎ ಸೈಟ್ ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಅದನ್ನು ಶಾಲೆಗೋ ಆಸ್ಪತ್ರೆಗೋ ಗುತ್ತಿಗೆ ಕೊಡುವುದಕ್ಕೆ ಪ್ರಾಧಿಕಾರಕ್ಕೆ ಅವಕಾಶ ಇದೆ. ಪಾರ್ಕಿಗೆ ಅಂತ ಬಿಟ್ಟ ಜಾಗದ ಕಥೆ ಬೇರೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಒಂದು ಬಡಾವಣೆಯಲ್ಲಿ ಕನಿಷ್ಠ ನೂರಕ್ಕೆ 15 ಭಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಇನ್ನೂ 10 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ನಿಮ್ಮ ಜಾಗ ಈ 15ರಲ್ಲಿದೆಯೋ ಆ 10ರಲ್ಲಿದೆಯೋ ಅನ್ನುವುದರ ಮೇಲೆ ನಿಮ್ಮ ಅರ್ಧ ಹೋರಾಟ ನಿಂತಿದೆ.

ಮೊಬೈಲಿಗೆ ದಿಶಾಂಕ್ ಆಪ್ ಹಾಕಿಕೊಳ್ಳಿ, ಸರ್ಕಾರದ್ದೇ. ಮೈದಾನದ ನಡುವೆ ನಿಂತು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಜಿಪಿಎಸ್ ಸ್ವಲ್ಪ ಅತ್ತಿತ್ತ ಹೋಗುತ್ತದೆ, ಹಾಗಾಗಿ ಬೇಲಿ ಪಕ್ಕ ನಿಂತು ನೋಡಿ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಇಳಿಯಬೇಡಿ. ಸರ್ವೆ ನಂಬರ್ ಸಿಕ್ಕಿದ ಮೇಲೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ. 'ಸರ್ಕಾರಿ ಕೆರೆ', 'ಗೋಮಾಳ', 'ಗುಂಡುತೋಪು' ಅಂತ ಇದ್ದರೆ ಅದು ಕಂದಾಯ ಇಲಾಖೆಯ ಕಥೆ, ತಹಶೀಲ್ದಾರರ ಬಾಗಿಲಿಗೆ ಹೋಗಬೇಕು. 'ಬಿ ಖರಾಬು' ಅಂತ ಕಂಡರೆ ಖುಷಿಪಡಿ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ, ಬಿ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಪಹಣಿಯಲ್ಲಿ ಒಂದು ಅಕ್ಷರದ ವ್ಯತ್ಯಾಸ, ಅಷ್ಟೇ.

ಬಡಾವಣೆ ಆಗಿದ್ದರೆ ಪಹಣಿ ಸಾಲದು, ಅನುಮೋದಿತ ಲೇಔಟ್ ಪ್ಲಾನ್ ಬೇಕು. ಅದು ಬಿಡಿಎ ಅಥವಾ ನಿಮ್ಮೂರಿನ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಇರುತ್ತದೆ, ಇರಬೇಕು. ಸುಮ್ನೆ ಹೋಗಿ ಕೇಳಿದರೆ ಸಿಗುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ನಮ್ಮ ಮೊದಲ ಅರ್ಜಿ ಎರಡು ಪುಟ ಇತ್ತು, ಅರ್ಧ ಭಾಗ ಬೈಗುಳ. ವಾಪಸ್ ಬಂತು. ಎರಡನೆಯದರಲ್ಲಿ ಇಷ್ಟೇ ಬರೆದೆವು:

"ಸರ್ವೆ ನಂಬರ್ ಇಂತಿಷ್ಟರಲ್ಲಿ ಇರುವ ಇಂಥ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಕೊಡಿ. ಅದರಲ್ಲಿ ಪಾರ್ಕ್ ಮತ್ತು ಆಟದ ಮೈದಾನ ಎಂದು ತೋರಿಸಿದ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ ಪತ್ರದ ದೃಢೀಕೃತ ಪ್ರತಿ ಕೊಡಿ."

"ಯಾಕೆ ಕ್ರಮ ತೆಗೆದುಕೊಂಡಿಲ್ಲ" ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ಪ್ರತಿ ಕೇಳಿದರೆ ಪ್ರತಿ ಸಿಗುತ್ತದೆ. 30 ದಿನ ಕಾಯಿರಿ. ನಮಗೆ ಮೂವತ್ತನೇ ದಿನಕ್ಕೆ "ಕಡತ ಲಭ್ಯವಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಅರ್ಧದಷ್ಟು ಜನ ಅಲ್ಲಿಗೇ ಕೈಬಿಡುತ್ತಾರೆ ಅನ್ನಿಸುತ್ತದೆ. ಬಿಡಬೇಡಿ. ಉತ್ತರ ಬಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಿ. ನಮ್ಮ ಕಡತ ಮೊದಲ ಮೇಲ್ಮನವಿಯ ವಿಚಾರಣೆಯ ಹಿಂದಿನ ದಿನವೇ ಸಿಕ್ಕಿಬಿಟ್ಟಿತು. ಎಲ್ಲಿತ್ತು ಅಂತ ನಾವು ಕೇಳಲಿಲ್ಲ.

ಆ ನಕ್ಷೆ ಮಡಿಸಿದ ಕಡೆಯಲ್ಲೆಲ್ಲ ಹರಿದಿತ್ತು. ಝೆರಾಕ್ಸಿನಲ್ಲಿ ಬಣ್ಣ ಬಾರದೆ ಪಾರ್ಕಿನ ಹಸಿರು ಬರೀ ಬೂದಿ ಕಲೆಯಾಗಿ ಕಾಣುತ್ತಿತ್ತು. ಆದರೆ ಕಲೆಯ ನಡುವೆ 'ಆಟದ ಮೈದಾನ' ಅಂತ ಕೈಬರಹದಲ್ಲಿ ಇತ್ತು, ನಾಲ್ಕೂ ಕಡೆ ಅಳತೆ ಇತ್ತು, ಕೆಳಗೆ ಸೀಲು. ಅದನ್ನು ಲ್ಯಾಮಿನೇಟ್ ಮಾಡಿಸಿದೆವು. ಒಂದು ಮಾತು, ದೃಢೀಕೃತ ಮೂಲ ಪ್ರತಿಯನ್ನು ಯಾವತ್ತೂ ಲ್ಯಾಮಿನೇಟ್ ಮಾಡಿಸಬೇಡಿ, ಝೆರಾಕ್ಸ್ ಮಾಡಿಸಿ ಅದನ್ನು ಮಾಡಿಸಿ. ನಮ್ಮ ವಕೀಲರು ಬೈದರು.

ಹಸ್ತಾಂತರದ ಪತ್ರ ಯಾಕೆ ಮುಖ್ಯ ಅಂದರೆ, ಖಾಸಗಿಯವರು, ಸೊಸೈಟಿಯವರು ಮಾಡಿದ ಬಡಾವಣೆಗಳಲ್ಲಿ ರಸ್ತೆ, ಪಾರ್ಕ್ ಎಲ್ಲ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಎಷ್ಟೋ ಕಡೆ ನಕ್ಷೆಯಲ್ಲಿ ಪಾರ್ಕ್ ಇರುತ್ತದೆ, ಬಿಟ್ಟುಕೊಟ್ಟ ಪತ್ರ ಇರುವುದಿಲ್ಲ. ಅಂಥ ಜಾಗಕ್ಕೇ ಒಂದು ದಿನ ಎಂ ಸ್ಯಾಂಡ್ ಬಂದು ಬೀಳುವುದು. ಪತ್ರ ಆಗಿಲ್ಲ ಅಂತ ಗೊತ್ತಾದರೆ ನಿಮ್ಮ ಮೊದಲ ಬೇಡಿಕೆ ಅದೇ ಆಗಿರಲಿ. ಬೆಂಚು, ಲೈಟು ಎಲ್ಲ ಆಮೇಲೆ.

ಕಾನೂನು ನಿಮ್ಮ ಕಡೆ ಇದೆ, ಮಲಗಿದೆ ಅಷ್ಟೇ

1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅಂತ ಒಂದಿದೆ. ಅರ್ಜಿಗಳಲ್ಲಿ ಅದರ ಹೆಸರು ಹಾಕಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಸರ್ಕಾರಿ ಉದ್ಯಾನಗಳಿಗೆ 1975ರ ಬೇರೆ ಕಾಯ್ದೆ ಇದೆ. ಬಿಡಿಎ ವ್ಯಾಪ್ತಿಯಲ್ಲಿದ್ದರೆ ಬಿಡಿಎ ಕಾಯ್ದೆಯ ಕಲಂ 38ಎ ನೆನಪಿಡಿ: ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ, ಕೊಟ್ಟರೆ ಅದು ನಡೆಯುವುದಿಲ್ಲ, ಶೂನ್ಯ.

ಕೋರ್ಟಿನ ವಿಷಯಕ್ಕೆ ಬಂದರೆ ಸದಾಶಿವನಗರದ ಕಡೆಯ ರಾಜಮಹಲ್ ವಿಲಾಸ್ ಬಡಾವಣೆಯ ಕೇಸು ಗೊತ್ತಿರಲೇಬೇಕು. ಅಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು 1976ರಲ್ಲಿ ಆಸ್ಪತ್ರೆ ಕಟ್ಟುವುದಕ್ಕೆ ಅಂತ ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಬಡಾವಣೆಯವರು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಬಿಡಲಿಲ್ಲ, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು, 1991ರಲ್ಲಿ ಅಲ್ಲೂ ಬಡಾವಣೆಯವರೇ ಗೆದ್ದರು. ಬ್ಯಾಂಗಲೋರ್ ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅಂತ ಕೇಸಿನ ಹೆಸರು, ವಕೀಲರಿಗೆಲ್ಲ ಗೊತ್ತು. ಆಸ್ಪತ್ರೆ ಒಳ್ಳೆಯದೇ ಅಲ್ವಾ ಅಂತ ನಿಮಗೂ ಅನ್ನಿಸಬಹುದು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಪಾರ್ಕಿನ ಬದಲು ಖಾಸಗಿ ಆಸ್ಪತ್ರೆ ಬರುವಂತಿಲ್ಲ, ಮತ್ತು ಅಕ್ಕಪಕ್ಕ ವಾಸ ಮಾಡುವವರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ. 'ನೀವ್ಯಾರ್ರೀ ಕೇಳೋಕೆ' ಅನ್ನುವ ಮಾತಿಗೆ ಇದೇ ಉತ್ತರ. ಹಳ್ಳಿಯ ಸಾರ್ವಜನಿಕ ಜಾಗ ಒತ್ತುವರಿ ಆಗಿದ್ದರೆ 2011ರ ಜಗಪಾಲ್ ಸಿಂಗ್ ಕೇಸನ್ನು ಹೆಸರಿಸಿ. ಅದು ಪಂಜಾಬಿನ ಒಂದು ಊರಿನ ಕುಂಟೆಯ ಜಗಳ, ಆದರೆ ಒತ್ತುವರಿ ತೆರವಿಗೆ ಯೋಜನೆ ಮಾಡಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಜನ ಇಲ್ಲದ ಪಾರ್ಕ್ ಉಳಿಯುವುದಿಲ್ಲ

ಕಾಗದ ಕೈಗೆ ಬಂತು. ಈಗ ಜನ ಬೇಕು. ನಾವು ಇಲ್ಲೇ ಎಡವಿದ್ದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಗುಂಪಿನಲ್ಲಿ ಇದ್ದವರು ಹೆಚ್ಚಾಗಿ ನಿವೃತ್ತರು. ಬೆಳಿಗ್ಗೆ ಆರಕ್ಕೆ ವಾಕಿಂಗ್, ಆಮೇಲೆ ಕಾಫಿ, ಆಮೇಲೆ ಮೈದಾನದ ಚಿಂತೆ. ಅವರಿಗೆ ಬೇಕಿದ್ದದ್ದು ವಾಕಿಂಗ್ ಟ್ರ್ಯಾಕ್, ಹುಲ್ಲು, ಗೇಟಿಗೆ ಬೀಗ. ಸಂಜೆ ಆಡುವ ಹುಡುಗರಿಗೆ ಬೇಕಿದ್ದದ್ದು ಬರೀ ಮಣ್ಣು. ಪಕ್ಕದ ಬೀದಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಸಂಜೆ ಏಳರ ಮೇಲೆ ಒಂದು ಲೈಟು, ಯಾಕಂದರೆ ಬಸ್ ಇಳಿದು ಮನೆಗೆ ಹೋಗುವ ಅಡ್ಡದಾರಿ ಇದೇ. ನಾವು ಇವರ್ಯಾರನ್ನೂ ಕೇಳಿರಲಿಲ್ಲ. ಕಂಬ ನೆಟ್ಟವನು ಕೇಳಿದ್ದ ನೋಡಿ! ಹುಡುಗರಿಗೆ ಒಂದು ಕಿಟ್ ಕೊಡಿಸಿ "ಈ ಮುದುಕರು ಗೇಟ್ ಹಾಕಿಸಿ ನಿಮ್ಮನ್ನ ಓಡಿಸ್ತಾರೆ ಕಣ್ರೋ" ಅಂದಿದ್ದ. ಅರ್ಧ ನಿಜವೇ.

ಹಾಗಾಗಿ ಮೊದಲ ಸಭೆಯನ್ನು ಸಂಜೆ ಇಡಿ, ಮೈದಾನದಲ್ಲೇ ಇಡಿ, ಯಾರದೋ ಮನೆಯ ಡ್ರಾಯಿಂಗ್ ರೂಮಿನಲ್ಲಿ ಬೇಡ. ಒಂದು ಬಿಳಿ ಹಾಳೆಯಲ್ಲಿ ನಕ್ಷೆ ಬರೆದು, ಯಾವ ಹೊತ್ತಿಗೆ ಯಾರು ಎಲ್ಲಿ ಇರುತ್ತಾರೆ ಅಂತ ಗುರುತು ಹಾಕಿ. ಕಡಲೆಕಾಯಿ ಮಾರುವ ಅಜ್ಜಿಯನ್ನೂ ಕೂರಿಸಿಕೊಳ್ಳಿ. ಇಡೀ ದಿನ ಅಲ್ಲಿ ಇರುವುದು ಅವರೊಬ್ಬರೇ, ಯಾವ ಲಾರಿ ಎಷ್ಟು ಹೊತ್ತಿಗೆ ಬಂತು ಅಂತ ಹೇಳಿದ್ದೂ ಅವರೇ. ವಾರಕ್ಕೊಂದು ಏನಾದರೂ ನಡೆಯಲಿ: ಭಾನುವಾರ ಲಗೋರಿ, ಕಬಡ್ಡಿ, ರಾಜ್ಯೋತ್ಸವಕ್ಕೆ ಬಾವುಟ, ಸಂಕ್ರಾಂತಿಗೆ ಎಳ್ಳುಬೆಲ್ಲ. ಎಲ್ಲದರ ಫೋಟೋ ತೆಗೆದು ದಿನಾಂಕ ಬರೆದಿಡಿ. ಮುಂದೊಂದು ದಿನ 'ಅದು ಪಾಳುಬಿದ್ದ ಜಾಗ' ಅಂತ ಯಾರಾದರೂ ಅರ್ಜಿ ಹಾಕಿದರೆ ನಿಮ್ಮ ಕೈಯಲ್ಲಿ ಇರುವುದು ಇದೇ.

ಜನ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆಗಳೂ ಇವೆ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಎಂಟುನೂರಕ್ಕೂ ಹೆಚ್ಚು ಮರ ಹೋಗುವುದಿತ್ತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಬಿಟ್ಟಿತು. 2021ರಲ್ಲಿ ಕನಕಪುರ ರಸ್ತೆಯ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂದಾಗ ಅಲ್ಲಿ ಸೈಕಲ್ ಹೊಡೆಯುವವರು, ಬಂಡೆ ಹತ್ತುವವರು, ಹಕ್ಕಿ ನೋಡುವವರೇ ಮುಂದೆ ಬಂದು ಕಾಡು ಕಾಡಾಗೇ ಇರಲಿ ಅಂದರು, ಅದೂ ನಿಂತಿತು. ಎರಡು ಕಡೆಯೂ ಆ ಜಾಗವನ್ನು ದಿನಾ ಬಳಸುವವರು ಮುಂದೆ ಇದ್ದರು.

ದುಡ್ಡು ಕೇಳುವುದು ಹೇಗೆ

ಸರ್ಕಾರದ ವರ್ಷ ಏಪ್ರಿಲಿನಲ್ಲಿ ಶುರು. ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಬರುತ್ತದೆ. ಮಾರ್ಚಿನಲ್ಲಿ ಹೋಗಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ, ತಪ್ಪಲ್ಲ. ದೀಪಾವಳಿ ಮುಗಿದ ಕೂಡಲೇ ಶುರು ಮಾಡಿ, ಡಿಸೆಂಬರ್ ಒಳಗೆ ಅರ್ಜಿ ಒಳಗೆ ಇರಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಹಾಗಾಗಿ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ, ಹಳೇ ವಿಳಾಸಕ್ಕೆ ಕಳಿಸಿದ ಅರ್ಜಿ ಎಲ್ಲೋ ಟಪಾಲಿನಲ್ಲಿ ತಪಸ್ಸು ಮಾಡುತ್ತಾ ಕೂತಿರುತ್ತದೆ. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಬಿಡಬೇಡಿ. ಅಲ್ಲಿ ಹೇಳಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಸಹಿ ಹಾಕಿ.

'ಪಾರ್ಕ್ ಅಭಿವೃದ್ಧಿ ಮಾಡಿಕೊಡಿ' ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಅಭಿವೃದ್ಧಿ ಅನ್ನುವ ಪದಕ್ಕೆ ಕಂಟ್ರಾಕ್ಟರ್ ಭಾಷೆಯಲ್ಲಿ ಅರ್ಥ ಕಾಂಕ್ರೀಟ್. ಕಮಾನು ಬರುತ್ತದೆ, ಕಮಾನಿನ ಮೇಲೆ ಹೆಸರುಗಳು ಬರುತ್ತವೆ, ಬಣ್ಣದ ಇಂಟರ್‌ಲಾಕ್ ಕಲ್ಲು ಬರುತ್ತದೆ, ಮಧ್ಯದಲ್ಲಿ ಒಂದು ಕಾರಂಜಿ ಬಂದು ಎರಡು ತಿಂಗಳಿಗೆ ಮೋಟರ್ ಸುಟ್ಟು ಸೊಳ್ಳೆ ತೊಟ್ಟಿಯಾಗುತ್ತದೆ. ಮೈದಾನ ಒತ್ತುವರಿಯಿಂದ ಉಳಿದು ಅಭಿವೃದ್ಧಿಯಿಂದ ಸತ್ತದ್ದನ್ನು ನಾನೇ ನೋಡಿದ್ದೇನೆ. ಬೇಕಾದದ್ದನ್ನೇ ಹೆಸರಿಟ್ಟು ಕೇಳಿ: ಸುತ್ತ ಚೈನ್‌ಲಿಂಕ್ ಬೇಲಿ ಇಷ್ಟು ಮೀಟರ್, ಲೈಟ್ ಕಂಬ ಇಷ್ಟು, ನೀರು ಹಾಕುವ ಮಾಲಿ ಒಬ್ಬರು, ಹೆಂಗಸರಿಗೂ ಗಂಡಸರಿಗೂ ಶೌಚಾಲಯ, ಕುಡಿಯುವ ನೀರಿನ ನಲ್ಲಿ. ವಾರ್ಡ್ ಎಂಜಿನಿಯರ್ ಜೊತೆ ಒಂದು ಬೆಳಿಗ್ಗೆ ಟೇಪ್ ಹಿಡಿದು ಅಳೆಯಿರಿ. ಎಸ್ಟಿಮೇಟ್ ಅವರೇ ಮಾಡಬೇಕು, ಆದರೆ ಅಳತೆ ನಿಮ್ಮ ಹತ್ತಿರವೂ ಇರಲಿ. ಕೆಲಸ ಮುಗಿದ ಮೇಲೆ ಬಿಲ್ಲಿನ ಪ್ರತಿ ಮಾಹಿತಿ ಹಕ್ಕಿನಲ್ಲಿ ತೆಗೆಸಿ ತಾಳೆ ನೋಡುವುದಕ್ಕೆ ಬೇಕಾಗುತ್ತದೆ.

ಬೇರೆ ಹುಂಡಿಗಳೂ ಇವೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದ್ದು 2 ಕೋಟಿ. ಸಂಸದರ ನಿಧಿಯಲ್ಲಿ ಬಾಳಿಕೆ ಬರುವ ಆಸ್ತಿ ಮಾಡಿಸಬಹುದು, ಮಾಲಿಯ ಸಂಬಳ, ದಿನದ ನಿರ್ವಹಣೆಗೆ ಅದು ಬರುವುದಿಲ್ಲ. ಇದೇ ದೊಡ್ಡ ತೊಡಕು. ಕಟ್ಟುವುದಕ್ಕೆ ಎಲ್ಲರ ಹತ್ತಿರವೂ ದುಡ್ಡಿದೆ, ಕಸ ಗುಡಿಸುವುದಕ್ಕೆ ಯಾರ ಹತ್ತಿರವೂ ಇಲ್ಲ. ಹಾಗಾಗಿ ಪಾಲಿಕೆಯ ತೋಟಗಾರಿಕೆ ವಿಭಾಗದ ನಿರ್ವಹಣೆ ಟೆಂಡರಿನಲ್ಲಿ ನಿಮ್ಮ ಪಾರ್ಕಿನ ಹೆಸರು ಸೇರುವವರೆಗೆ ಬಿಡಬೇಡಿ. ಒಮ್ಮೆ ಪಟ್ಟಿಗೆ ಸೇರಿದರೆ ಪ್ರತಿ ವರ್ಷ ಕೇಳುವಾಗ ಮೊದಲಿನಿಂದ ರಾಮಾಯಣ ಹೇಳಬೇಕಾಗಿಲ್ಲ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು ಸಿಗುತ್ತದೆ. ತೆಗೆದುಕೊಳ್ಳಿ, ಆದರೆ ಪತ್ರ ಸರಿಯಾಗಿ ಓದಿ. ಬೋರ್ಡ್ ಎಷ್ಟು ದೊಡ್ಡದು, ಗೇಟಿನ ಕೀಲಿ ಯಾರ ಹತ್ತಿರ, ಟಿಕೆಟ್ ಇಡುವ ಮಾತು ಎಲ್ಲಾದರೂ ಇದೆಯಾ? ಇಷ್ಟು ಹುಷಾರಾಗಿರಿ ಅನ್ನುವುದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಅದರ ವಿರುದ್ಧ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಅನ್ನುವ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಗಿ, ತೀರ್ಪು ಬರುವ ಹೊತ್ತಿಗೆ 2012 ಆಗಿತ್ತು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದ್ದು ಇನ್ನೊಂದು ದಾರಿ. ಅಲ್ಲಿ ಅಕ್ಕಪಕ್ಕದವರೇ ಟ್ರಸ್ಟ್ ಮಾಡಿಕೊಂಡು 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡರು. ಕೆರೆ ಸರ್ಕಾರದ್ದೇ, ನೋಡಿಕೊಳ್ಳುವವರು ಇವರು. ಇಂಥ ಒಪ್ಪಂದಕ್ಕೆ ಹೋಗುವುದಾದರೆ ಸಂಘ ನೋಂದಣಿ ಆಗಿರಬೇಕು, ಬ್ಯಾಂಕ್ ಖಾತೆ ಇರಬೇಕು, ಲೆಕ್ಕ ಪ್ರತಿ ತಿಂಗಳು ಗೇಟಿನ ಬೋರ್ಡಿಗೆ ಅಂಟಿಸಬೇಕು. ನೂರು ರೂಪಾಯಿ ಕೊಟ್ಟವನೂ ಸಾವಿರ ಪ್ರಶ್ನೆ ಕೇಳುತ್ತಾನೆ, ಕೇಳಲಿ.

ಕಂಬ ಬಂದೇಬಿಟ್ಟರೆ

ಕಿತ್ತು ಹಾಕಬೇಡಿ. ಕೈ ತುರಿಸುತ್ತದೆ, ಗೊತ್ತು. ನೀವು ಕಿತ್ತರೆ ಪೊಲೀಸ್ ಕೇಸು ನಿಮ್ಮ ಮೇಲೆ ಆಗುತ್ತದೆ, ಮೈದಾನದ ಮಾತು ಪಕ್ಕಕ್ಕೆ ಹೋಗುತ್ತದೆ. ಅದೇ ದಿನ ಫೋಟೋ, ವಿಡಿಯೋ ತೆಗೆಯಿರಿ, ಸುತ್ತಲಿನ ಮನೆ, ಮರ ಎಲ್ಲ ಕಾಣುವ ಹಾಗೆ. ಅದೇ ದಿನ ಲಿಖಿತ ದೂರು ಕೊಡಿ, ನಕ್ಷೆಯ ಪ್ರತಿ ಜೊತೆಗಿಟ್ಟು, ಎರಡನೇ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ಸೀಲಿಲ್ಲದ ಅರ್ಜಿ ಕೊಟ್ಟ ಹಾಗಲ್ಲ. ನಗರದಲ್ಲಿ ಪಾಲಿಕೆ ಆಯುಕ್ತರಿಗೆ, ಕಂದಾಯ ಜಾಗ ಆದರೆ ತಹಶೀಲ್ದಾರರಿಗೆ, ಎರಡಕ್ಕೂ ಒಂದು ಪ್ರತಿ ಜಿಲ್ಲಾಧಿಕಾರಿಗೆ. ಸರ್ವೆ ಮಾಡಿ ಗಡಿ ಗುರುತಿಸಿ ಅಂತ ಅದರಲ್ಲೇ ಕೇಳಿ. ಸರ್ವೆಯರ್ ಬಂದ ದಿನ ನಾಲ್ಕೈದು ಜನ ಹೋಗಿ ನಿಲ್ಲಿ, ಮಹಜರಿನಲ್ಲಿ ಏನು ಬರೆದಿದ್ದಾರೆ ಓದದೆ ಸಹಿ ಹಾಕಬೇಡಿ. ಕಟ್ಟಡ ಮೇಲೇಳುವ ಲಕ್ಷಣ ಕಂಡರೆ ವಕೀಲರನ್ನು ನೋಡಿ ತಡೆಯಾಜ್ಞೆಗೆ ಹೋಗುವುದೇ ಸರಿ. ಗೋಡೆ ಎದ್ದ ಮೇಲೆ ಕೆಡವಿಸುವುದು ಹತ್ತು ಪಟ್ಟು ಕಷ್ಟ.

ನಮ್ಮದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಪಾಲಿಕೆಯ ಲಾರಿ ಬಂದು ಮೂರು ಕಂಬ ಕಿತ್ತುಕೊಂಡು ಹೋಯಿತು. ನಾಲ್ಕನೆಯದನ್ನು ಆಳವಾಗಿ ಹೂತಿದ್ದರಂತೆ, ನಾಳೆ ಬರ್ತೀವಿ ಅಂದು ಹೋದವರು ಇನ್ನೂ ಬಂದಿಲ್ಲ. ಹುಡುಗರು ಅದರ ಮೇಲೆ ಇದ್ದಿಲಿನಲ್ಲಿ ಮೂರು ಗೆರೆ ಎಳೆದು ಸ್ಟಂಪ್ ಮಾಡಿಕೊಂಡಿದ್ದಾರೆ. ಕಿತ್ತುಕೊಂಡು ಹೋಗಿ ಅಂತ ನಾನು ಬರೆದಿದ್ದ ಜ್ಞಾಪನಾ ಪತ್ರಕ್ಕೆ ಸಹಿ ಹಾಕುವುದಿಲ್ಲ ಅಂತ ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು.